ಅರಮನೆಯ ಶೋಕ, ಊರಿನ ಶೋಕ

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೂ ತನ್ನದೇ ನವಾಬರನ್ನು ಹೊಂದಿದ್ದು 1948ರಲ್ಲಿ ವಿಲೀನಗೊಂಡ ಸವಣೂರಿನ ನೆರೆಹೊರೆಯವರಿಗೆ, ಅರಸುಮನೆತನವೂ ಪ್ರಜೆಗಳ ಭಾವವೂ ಎದುರುಬದುರಾಗುವ ಕಥೆ ತೀರ ಪರಕೀಯವೆನಿಸದು. ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ 2006ರ ಚಲಚ್ಚಿತ್ರ ‘ದಿ ಕ್ವೀನ್’ ಅಂಥದೊಂದು ಕಥೆ.

1997ರ ಆಗಸ್ಟ್ 31ರಂದು ಮಾಜಿ ಸೊಸೆ ಡಯಾನಾ ಪ್ಯಾರಿಸ್ಸಿನಲ್ಲಿ ಅಪಘಾತಕ್ಕೀಡಾಗಿ ಮಡಿದಾಗ ಬ್ರಿಟನ್ನಿನ ಎಲಿಜಬೆತ್ ರಾಣಿಯವರು ಮೊಮ್ಮಕ್ಕಳೊಡನೆ ಸ್ಕಾಟ್ಲೆಂಡಿನಲ್ಲಿಯೇ ಉಳಿದರು. ಇತ್ತ ಲಂಡನ್ನಿನ ಅರಮನೆಯ ಬಾಗಿಲಲ್ಲಿ ಹೂವಿನ ರಾಶಿ ಬೆಳೆಯುತ್ತ ಹೋಯಿತು. ರಾಣಿ ಒಳಗಿದ್ದಾಗಲಷ್ಟೇ ರಾಜಧ್ವಜ ಹಾರಬೇಕು, ಯಾರ ಮರಣಕ್ಕೂ ಅದು ಅರ್ಧಕ್ಕಿಳಿಯಕೂಡದು ಎಂಬ ಸಂಪ್ರದಾಯದ ಫಲವಾಗಿ ಬರಿದಾಗಿದ್ದ ಧ್ವಜಸ್ತಂಭವೇ ಜನಾಕ್ರೋಶಕ್ಕೆ ಗುರಿಯಾಯಿತು. ಕಡೆಗೆ ಸೆಪ್ಟೆಂಬರ್ 5ರಂದು ರಾಣಿ ದೂರದರ್ಶನದಲ್ಲಿ ಮಾತನಾಡಿದರು. ಮರುದಿನ, ಅಂತ್ಯಕ್ರಿಯೆಯ ವೇಳೆಗೆ, ರಾಷ್ಟ್ರಧ್ವಜ ಅಲ್ಲಿ ಅರ್ಧಕ್ಕೆ ಏರಿತು. ಈ ದಿನಗಳನ್ನೇ ಹೇಳುವ ಚಿತ್ರದಲ್ಲಿ ರಾಣಿ ಸಾರಂಗವೊಂದನ್ನು ಎದುರುಗೊಳ್ಳುವ ಪ್ರಸಂಗ ನನಗೆ ತುಸು ಅತಿಯೆನಿಸಿದರೂ, ರಾಣಿಯ ಪಾತ್ರಕ್ಕಾಗಿ ಆಸ್ಕರ್ ಪಡೆದ ಹೆಲೆನ್ ಮಿರೆನ್ನರ ಸಂಯಮದ ಅಭಿನಯದಲ್ಲಿ ಕುಂದಿಲ್ಲ.

ನಮ್ಮ ಮೈಸೂರಿನ ಸಂಕಟ ಬೇರೊಂದು ಬಗೆಯದು. 2013ರ ಡಿಸೆಂಬರ್ 10ರಂದು ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ನಿಧನರಾದಾಗ, ಅರಮನೆ ಶೋಕವನ್ನು ಮುಚ್ಚಿಟ್ಟುಕೊಳ್ಳದೆ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕಿರಿಸಿತು. ಸೋದರಳಿಯ ಕಾಂತರಾಜ ಅರಸರು ರಾಜಮನೆತನದ ರುದ್ರಭೂಮಿಯಾದ ಮಧುವನದಲ್ಲಿ ಅಂತ್ಯವಿಧಿಗಳನ್ನು ನೆರವೇರಿಸಿದರು. ತೊಡಕಾದದ್ದು ಮರುವರ್ಷದ ದಸರೆಯ ಖಾಸಗಿ ದರ್ಬಾರು: ಅರಸರಿಲ್ಲದ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿರಿಸಿ ಸಂಪ್ರದಾಯವನ್ನು ಉಳಿಸಿಕೊಳ್ಳಲಾಯಿತು. ಒಡೆಯರ ಪತ್ನಿ ಪ್ರಮೋದಾದೇವಿಯವರು ದತ್ತು ಸ್ವೀಕರಿಸಿದ ಯದುವೀರರಿಗೆ ಪಟ್ಟಾಭಿಷೇಕವಾದದ್ದು 2015ರ ಮೇ 28ರಂದು.