ಕೇಪಿನ ಕೋವಿಯಿಂದ ನಾಲ್ಕೂವರೆ ಮಿಲಿಮೀಟರ್‌ವರೆಗೆ

ಚುನಾವಣೆ ಘೋಷಣೆಯಾದ ವಾರ ಹಳಿಯಾಳ, ಜೊಯಿಡಾ, ಮುಂಡಗೋಡ ಕಡೆಯ ಪೊಲೀಸ್ ಠಾಣೆಗೆ ಹೋದರೆ ಸಣ್ಣದೊಂದು ವಸ್ತುಸಂಗ್ರಹಾಲಯವೇ ಸಿಗುತ್ತದೆ. ಲೈಸೆನ್ಸ್ ಇರುವ ಕೋವಿಗಳನ್ನು ತಂದೊಪ್ಪಿಸಿ ಎಂಬ ಆದೇಶ ಹೊರಟಿರುತ್ತದೆ. ಹಳೇ ಕಂಬಳಿಯಲ್ಲೋ ಗೋಣಿಚೀಲದಲ್ಲೋ ಸುತ್ತಿ ತಂದ ಕೋವಿಗಳಿಗೆ ಚೀಟಿ ಕಟ್ಟಿ ಗೋಡೆಗೆ ಒರಗಿಸುತ್ತಾರೆ. ಹಂದಿಗೆ, ಮಂಗಕ್ಕೆ ನೀತಿಸಂಹಿತೆ ಹೇಳುವವರು ಯಾರು ಎಂದು ಗೊಣಗುತ್ತಲೇ ರೈತರು ರಸೀದಿ ಪಡೆದು ಗೋವಿನಜೋಳದ ಹೊಲಕ್ಕೆ ಮರಳುತ್ತಾರೆ.

ಆ ಸಾಲನ್ನೊಮ್ಮೆ ನಿಧಾನವಾಗಿ ನೋಡಬೇಕು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೇಪಿನ ಕೋವಿ, ಅಂದರೆ ಲೈಸೆನ್ಸ್ ಪುಸ್ತಕದ ‘ಎಸ್‌ಬಿಎಂಎಲ್’, ಅಲ್ಲಿದೆ. ಪಕ್ಕದಲ್ಲಿ 12 ಬೋರಿನ ತೋಟಾ ಕೋವಿ, ಒಂಟಿ ನಳಿಗೆಯದು, ಜೋಡಿ ನಳಿಗೆಯದು. ಅಪರೂಪಕ್ಕೆ ಎಲ್ಲೋ ಒಂದು .315 ರೈಫಲ್. ಗುರಿ ಹೊಡೆಯುವ ಆಟಕ್ಕೆಂದೇ ಮಾಡಿದ ರೈಫಲ್ ಮಾತ್ರ ಆ ಸಾಲಿನಲ್ಲಿ ಕಾಣುವುದು ದುರ್ಲಭ.

ಹವ್ಯಾಸಕ್ಕೆ ಗುರಿ ಹೊಡೆಯಲು ಯಾವ ರೈಫಲ್ ಕೊಳ್ಳಬೇಕು, ಯಾವ ಕ್ಯಾಲಿಬರ್ ಒಳ್ಳೆಯದು, ಯಾವ ಸೈಟ್ ಹಾಕಿಸಬೇಕು ಎಂದು ಈಗಿನ ಹುಡುಗರು ಕೇಳುತ್ತಾರೆ. ಇದರಲ್ಲಿ ಅರ್ಧ ಪ್ರಶ್ನೆಗೆ ಕಾನೂನು 160 ವರ್ಷಗಳಿಂದ ಉತ್ತರ ಬರೆಯುತ್ತಲೇ ಬಂದಿದೆ. ಕೊಳ್ಳುವವನ ಪಾಲಿಗೆ ಉಳಿದದ್ದು ಇನ್ನರ್ಧ ಮಾತ್ರ.

ಕೇಪಿನ ಕೋವಿಯನ್ನೇ ತೆಗೆದುಕೊಳ್ಳಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಮತ್ತೆ ಗಜ. ಹಿಂದೆ ಮೊಲೆಯಂಥ ಕೊಳವೆಯ ಮೇಲೆ ಕೇಪು ಕೂರಿಸಿ ಕುದುರೆ ಎಳೆದರೆ ಒಂದು ಈಡು ತಯಾರು. ಅದು ಮುಗಿದರೆ ಮತ್ತೆ ಮೊದಲಿಂದ. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ‘ಠಸ್’ ಎಂಬ ಸದ್ದಷ್ಟೇ; ಹಂದಿ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತದೆ. ರೈತನ ಕೈಗೆ ಇಂಥ ಕೋವಿಯನ್ನು ಕೊಡಲು ಸರ್ಕಾರಗಳು ಅಷ್ಟಾಗಿ ಹೆದರದೇ ಇದ್ದುದಕ್ಕೆ ಈ ನಿಧಾನವೇ ಕಾರಣ ಎಂಬುದು ನನ್ನ ಲೆಕ್ಕ.

ಸರ್ಕಾರ ಹೆದರಿದ್ದಕ್ಕೆ ಚರಿತ್ರೆಯೂ ಇದೆ. 1857ರ ದಂಗೆಯ ಬೆನ್ನಿಗೇ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ನಿಂತರು. ಅದೇ ವರ್ಷ ನವೆಂಬರ್ ಕೊನೆಗೆ ಇಂಗ್ಲಿಷರ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಆಮೇಲೆ 19 ಮಂದಿಯನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಇವತ್ತಿಗೂ ಹಾಡುವ ಕತೆ ಅದು. ಮರುವರ್ಷ ಬೆಂಕಿ ನಮ್ಮ ಸೂಪಾದ ಕಾಡಿಗೆ ದಾಟಿತು. ಸಾವಂತರ ಬಂಡಾಯಕ್ಕೆ ಈ ಘಟ್ಟದ ಕಣಿವೆಗಳೇ ನೆಲೆಯಾದವು, ಸಿದ್ದಿಗಳೂ ಜೊತೆಗೂಡಿದರು. ಆ ಸೂಪಾ ಊರು ಈಗ ಕಾಳಿಯ ಅಣೆಕಟ್ಟಿನ ನೀರಿನಡಿ ಇದೆ. ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಬಂದು ಕೂತಿದೆ. 1878ರಲ್ಲಿ ಲಿಟ್ಟನ್ ಸಾಹೇಬ ತಂದ ಶಸ್ತ್ರಾಸ್ತ್ರ ಕಾಯ್ದೆ ಲೈಸೆನ್ಸ್ ಎಂಬ ಪದವನ್ನು ಕೋವಿಗೆ ಶಾಶ್ವತವಾಗಿ ಅಂಟಿಸಿತು. ಕೊಡವರಿಗೆ ವಿನಾಯಿತಿ ಸಿಕ್ಕಿತು, ಅದು ಈಗಲೂ ಇದೆ. ಕೈಲ್‌ಪೊಳ್ದಿನ ದಿನ ಅವರು ಕೋವಿಗೆ ಪೂಜೆ ಮಾಡಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವುದನ್ನು ಕಂಡಾಗ, ಗುರಿ ಹೊಡೆಯುವ ಆಟ ನಮ್ಮ ನೆಲಕ್ಕೆ ಹೊಸದಲ್ಲ ಎಂಬುದಂತೂ ಖಚಿತವಾಗುತ್ತದೆ.

ಕ್ಯಾಲಿಬರಿನ ಕತೆ ಇನ್ನೂ ತಮಾಷೆಯದು. ಬಂಡಾಯಗಾರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗೆ .450 ಗುಂಡು ಹೊಂದುತ್ತದೆಂದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ ಆ ಬೋರನ್ನು ತರಿಸುವುದನ್ನೇ ನಿಲ್ಲಿಸಿತು. ಲಂಡನ್ನಿನ ಕೋವಿ ತಯಾರಕರು ಸುಮ್ಮನೆ ಕೂರಲಿಲ್ಲ. .465, .470 ಎಂದು ಕೂದಲೆಳೆಯಷ್ಟು ದಪ್ಪ ಮಾಡಿ ಹೊಸ ಗುಂಡುಗಳನ್ನೇ ಹುಟ್ಟಿಸಿದರು. ಶಿಕಾರಿ ಪುಸ್ತಕಗಳಲ್ಲಿ ಆನೆ, ಕಾಟಿಗಳ ಜೊತೆ ಮೆರೆಯುವ ಈ ದೊಡ್ಡ ಹೆಸರುಗಳು ಅಸಲಿಗೆ ಒಂದು ಸುತ್ತೋಲೆಯ ಕೂಸುಗಳು.

.303ರದ್ದೂ ಅದೇ ಹಾಡು. ಸೈನ್ಯ, ಪೊಲೀಸರ ಗುಂಡು ಅದು, ಆದ್ದರಿಂದ ಸಾಮಾನ್ಯ ಜನರಿಗೆ ನಿಷಿದ್ಧ ಬೋರ್. ಹಾಗಾದರೆ ಜನರಿಗೆ ಯಾವುದು? ಆಸ್ಟ್ರಿಯಾ ಸೈನ್ಯಕ್ಕೆಂದು ಮಾಡಿದ್ದ 8 ಮಿಲಿಮೀಟರ್ ಮ್ಯಾನ್ಲಿಕರ್ ಗುಂಡು ಇಲ್ಲಿನ ಯಾವ ಪಲ್ಟನ್ನಿನಲ್ಲೂ ಇರಲಿಲ್ಲ. ಅದನ್ನೇ .315 ಎಂದು ಕರೆದು, ಸೈನ್ಯದ ಲೀ-ಎನ್‌ಫೀಲ್ಡ್ ಯಂತ್ರಕ್ಕೇ ಹೊಂದಿಸಿ, ಬಂಗಾಳದ ಇಷಾಪುರ ಕಾರ್ಖಾನೆ ಸ್ವಾತಂತ್ರ್ಯಾನಂತರವೂ ಮಾಡಿ ಮಾರಿತು. ಆಸ್ಟ್ರಿಯಾದವರೇ ಮರೆತ ಗುಂಡು ಹೀಗೆ ನಮ್ಮಲ್ಲಿ ನೂರು ವರ್ಷ ಬಾಳಿತು. ಯಾರ ಕೈಗೆ ಸಿಗಬಾರದು ಎಂಬ ಯೋಚನೆಯ ಮುಂದೆ ಯಾವುದು ಗುರಿಗೆ ಚೆನ್ನ ಎಂಬ ಮಾತು ಬರಲೇ ಇಲ್ಲ.

12 ಬೋರ್ ಎಂಬ ಹೆಸರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕೋವಿ ಇಟ್ಟುಕೊಂಡ ಬಹಳ ಮಂದಿಗೇ ಅದು ಗೊತ್ತಿರುವುದಿಲ್ಲ. ಒಂದು ಪೌಂಡ್ ಸೀಸ ಕರಗಿಸಿ ಸಮನಾದ 12 ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ನಳಿಗೆ ಅಷ್ಟಗಲ, ಅಂದರೆ ಸುಮಾರು 18.5 ಮಿಲಿಮೀಟರ್. ಬೋರಿನ ಅಂಕಿ ಹೆಚ್ಚಾದಷ್ಟೂ ನಳಿಗೆ ಸಣ್ಣ. ಈ ಕೋವಿಯ ಒಳಮೈ ನುಣುಪು. ರೈಫಲ್ ಎಂದರೆ ಒಳಗೆ ಸುರುಳಿ ಗೀರು ಇದ್ದು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುವಂಥದ್ದು. ಕಾಗದದ ಗುರಿಗೆ ಬೇಕಾದದ್ದು ಆ ತಿರುಗುವಿಕೆ.

ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರದು. ದಾಂಡೇಲಿಯ ಕಾಡು ಅದಕ್ಕೂ ಮುಂಚೆ, 1956ರಲ್ಲೇ ಅಭಯಾರಣ್ಯವಾಗಿತ್ತು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಊರಿಗೆ ಕಾಲಿಟ್ಟದ್ದೂ ಆ ವರ್ಷಗಳಲ್ಲೇ. 1972ರ ವನ್ಯಜೀವಿ ಕಾಯ್ದೆ ಶಿಕಾರಿಯ ಬಾಗಿಲನ್ನು ಮುಚ್ಚಿತು. ಕೋವಿಯ ಚಪಲ ಇದ್ದವರಿಗೆ ಇನ್ನು ಕಾಗದವೇ ಗತಿ. ಒಳ್ಳೆಯದೇ ಆಯಿತು.

ಆದರೆ ಕಾಗದಕ್ಕೆ ಹೊಡೆಯಲೂ .22 ರೈಫಲ್ ಬೇಕೆಂದರೆ ಲೈಸೆನ್ಸ್ ಬೇಕು, 21 ತುಂಬಿರಬೇಕು, ಪೊಲೀಸ್ ವರದಿ ಆಗಬೇಕು, ಗುಂಡಿಗೂ ಮಿತಿ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಕೋವಿ ಎಂದಿದ್ದುದನ್ನು ಎರಡಕ್ಕೆ ಇಳಿಸಿತು. ಹೀಗೆ ಎಲ್ಲ ಕಡೆ ಬೇಲಿ ಹಾಕಿದ ಮೇಲೆ ಒಂದು ಕಿಂಡಿ ಉಳಿಯಿತು, ಏರ್‌ಗನ್. ಹಳೆಯ ನಿಯಮದಲ್ಲಿ ಅದಕ್ಕೊಂದು ಚಂದದ ಪರೀಕ್ಷೆಯಿತ್ತು: ಒಂದು ಅಂಗುಲ ದಪ್ಪದ ಮರದ ಹಲಗೆಗೆ ಹತ್ತಿರದಿಂದ ಹೊಡೆದು ನೋಡುವುದು, ಗುಂಡು ಆಚೆ ತೂರಿದರೆ ಅದು ಆಟದ ಸಾಮಾನಲ್ಲ. 2016ರ ನಿಯಮಗಳು ಹಲಗೆಯನ್ನು ಬದಿಗಿಟ್ಟು ಅಂಕಿ ತಂದವು. ನಳಿಗೆ 4.5 ಮಿಲಿಮೀಟರ್ ಅಂದರೆ .177 ಮೀರಬಾರದು, ಗುಂಡಿನ ಶಕ್ತಿ 20 ಜೂಲ್ ದಾಟಬಾರದು. ಇಷ್ಟರೊಳಗಿದ್ದರೆ ಲೈಸೆನ್ಸ್ ಬೇಡ. ಅಂಗಡಿಯಲ್ಲಿ 5.5 ಮಿಲಿಮೀಟರಿನದು ‘ಇನ್ನೂ ಪವರ್‌ಫುಲ್’ ಎಂದು ತೋರಿಸಿದರೆ ಅದಕ್ಕೆ ಲೈಸೆನ್ಸ್ ಬೇಕೆಂಬುದು ನೆನಪಿರಲಿ.

ಅದೃಷ್ಟಕ್ಕೆ ಒಲಿಂಪಿಕ್ಸಿನ 10 ಮೀಟರ್ ಸ್ಪರ್ಧೆಯದ್ದೂ ಅದೇ 4.5 ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಗುಂಡು ಅರ್ಧ ಗ್ರಾಂ ಸೀಸ, ನಡು ಸಣ್ಣದಾದ ಡಮರುಗದ ಆಕಾರ. ಹಿಂಭಾಗದ ಲಂಗ ಗಾಳಿಗೆ ಅಗಲವಾಗಿ ನಳಿಗೆಯ ಗೀರನ್ನು ಕಚ್ಚುತ್ತದೆ, ಮುಂಭಾಗ ಚಪ್ಪಟೆಯಾದ್ದರಿಂದ ಕಾಗದ ಹರಿಯದೆ ಪಂಚಿಂಗ್ ಮಶಿನ್ನಿನಂತೆ ದುಂಡಗೆ ತೂತಾಗುತ್ತದೆ. ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. ಲೆಕ್ಕ ಹಾಕಿದರೆ ಏಳೆಂಟು ಜೂಲ್, ಕಾನೂನಿನ ಮಿತಿಯ ಅರ್ಧವೂ ಇಲ್ಲ. ಪವರ್ ಪವರ್ ಎಂದು ಬಡಕೊಳ್ಳುವವರು ಇದನ್ನು ಗಮನಿಸಬೇಕು. ಹತ್ತು ಅಂಕದ ಗುರಿ ಬರೇ ಅರ್ಧ ಮಿಲಿಮೀಟರಿನ ಚುಕ್ಕೆ, ಸುತ್ತಲಿನ ಕಪ್ಪು ವೃತ್ತ 30.5 ಮಿಲಿಮೀಟರ್. ಒಂದೂಕಾಲು ಗಂಟೆಯಲ್ಲಿ 60 ಗುಂಡು ಹೊಡೆಯಬೇಕು.

ಇಲ್ಲಿಂದ ಮುಂದೆ ಆಯ್ಕೆ ನಿಮ್ಮದು, ಅದರಲ್ಲೂ ಸೈಟ್‌ನದು. ದುರ್ಬೀನು ಹಾಕಿಸಿದರೆ ಗುರಿ ಹತ್ತಿರ ಕಾಣುತ್ತದಲ್ಲ ಎಂಬುದು ಎಲ್ಲರ ಮೊದಲ ಆಸೆ. ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಮೇಲಾಗಿ ಸ್ಪ್ರಿಂಗ್ ಏರ್‌ಗನ್ನಿನ ಒದೆತ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಎರಡೂ ಕಡೆಗಿದ್ದು, ಅಗ್ಗದ ದುರ್ಬೀನಿನ ಗಾಜುಗಳು ಕೆಲವೇ ದಿನಗಳಲ್ಲಿ ಸಡಿಲವಾಗುತ್ತವೆ. ಕೋವಿಯ ತುದಿಯ ಹಿತ್ತಾಳೆ ಮಣಿ ಮತ್ತು ಹಿಂದಿನ ಕಚ್ಚು ಹಳೆಯ ಕ್ರಮ. ಅಲ್ಲಿ ಕಚ್ಚು, ಮಣಿ, ಗುರಿ ಮೂರನ್ನೂ ಕಣ್ಣು ಒಟ್ಟಿಗೆ ಹಿಡಿಯಬೇಕು, ಯಾವ ಕಣ್ಣಿಗೂ ಅದು ಆಗುವ ಕೆಲಸವಲ್ಲ.

ಅದಕ್ಕೇ ತೂತಿನ ಸೈಟ್. ಕಾಗದಕ್ಕೆ ಸೂಜಿಯಿಂದ ಚುಚ್ಚಿ ಆ ತೂತಿನಲ್ಲಿ ಪತ್ರಿಕೆ ಓದಿ ನೋಡಿ, ಚಾಳೀಸಿನ ಕನ್ನಡಕ ಇಲ್ಲದೆಯೂ ಅಕ್ಷರ ಸ್ವಚ್ಛವಾಗಿ ಕಾಣುತ್ತದೆ. ರೈಫಲ್‌ನ ಹಿಂದಿನ ಸೈಟ್ ಅದೇ ಉಪಾಯ. ಮುಂದಿನ ಸೈಟ್‌ನಲ್ಲಿ ಒಂದು ಉಂಗುರ, ಉಂಗುರದೊಳಗೆ ಕಪ್ಪು ಗುರಿ, ಎರಡರ ನಡುವೆ ಬಿಳಿಯ ತೆಳು ಬಳೆ. ಮಳೆ ಬರುವ ಮುಂಚೆ ಚಂದ್ರನ ಸುತ್ತ ಕಟ್ಟುವ ಕೊಡೆಯಂತೆ ಆ ಬಳೆ ಎಲ್ಲ ಕಡೆ ಸಮನಾಗಿದ್ದರೆ ಗುರಿ ಸರಿಯಿದೆ. ಹೆಚ್ಚುಕಮ್ಮಿ ಒಂದು ಕೂದಲಷ್ಟಾದರೂ ಕಣ್ಣು ತಾನೇ ಚಡಪಡಿಸುತ್ತದೆ.

ರೈಫಲ್ ಕೊಳ್ಳುವ ಮೊದಲು ಯಾವುದು ನಿಮ್ಮ ಗುರಿಯ ಕಣ್ಣು ಎಂದು ತಿಳಿಯಿರಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಹೆಬ್ಬೆರಳು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ತೆರೆದಿದ್ದಾಗ ಬೆರಳು ಕಂಬದಿಂದ ಕದಲುವುದಿಲ್ಲವೋ ಅದೇ. ಮಿಕ್ಕದ್ದು ಹಿಡಿಯ ಉದ್ದ, ಕೆನ್ನೆ ಊರುವ ಹಲಗೆಯ ಎತ್ತರ. ಫೈನ್‌ವೆರ್ಕ್‌ಬೌ, ವಾಲ್ಟರ್ ಎಂಬ ಜರ್ಮನ್ ಹೆಸರುಗಳಿಗೆ ಲಕ್ಷಗಟ್ಟಲೆ ಸುರಿಯುವುದು ಆಮೇಲಿನ ಮಾತು. ಮೊದಲ ಆರು ತಿಂಗಳು ಕ್ಲಬ್ಬಿನ ರೈಫಲ್ಲೇ ಸಾಕು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಕ್ಲಬ್ಬಿಗೆ ಬೆಂಗಳೂರಿಗೇ ಹೋಗಬೇಕಿಲ್ಲ. ಹಳಿಯಾಳ, ಮುಂಡಗೋಡದವರಿಗೆ ಸಂತೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಹುಬ್ಬಳ್ಳಿ-ಧಾರವಾಡವೇ. ಗುರಿ ಕಲಿಯಲೂ ಅದೇ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2022ರಲ್ಲಿ ಫ್ರಾನ್ಸಿನ ಶಾಟರೂದಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸಿಗೆ ಹೋದರು. ಕೈಗಳಲ್ಲಿ ರೈಫಲ್ ಭಾರ ಹೊರಲಾಗದವರ ವಿಭಾಗ ಅವರದು. ರೈಫಲ್ ಸ್ಪ್ರಿಂಗಿನ ಊರುಗೋಲಿನ ಮೇಲೆ ತೂಗುತ್ತಿರುತ್ತದೆ. ಸ್ಪ್ರಿಂಗ್ ಅಲ್ಲಾಡುವುದರಿಂದ ಸ್ಥಿರವಾಗಿ ಹಿಡಿಯುವ ಕಷ್ಟ ಅವರಿಗೂ ತಪ್ಪಿದ್ದಲ್ಲ. ಅದೇ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ಮೂರು ಭಂಗಿಯ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು.

ಏರ್‌ಗನ್ ಕೊಂಡು ಊರಿಗೆ ಒಯ್ಯುವ ದಾಂಡೇಲಿ, ಜೊಯಿಡಾದವರಿಗೆ ಒಂದು ಮಾತು. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದು ಎಲ್ಲಿಗೆ ಬೇಕಾದರೂ ಸಲ್ಲುವ ಸಾಮಾನಲ್ಲ. ಅರ್ಧ ಗ್ರಾಂ ಸೀಸ ಒಂದು ಹಕ್ಕಿಗೆ ಧಾರಾಳವಾಯಿತು, ಇದು ಮಂಗಟ್ಟೆಗಳ ಊರು. ವನ್ಯಜೀವಿ ಕಾಯ್ದೆಯ 31ನೇ ಕಲಮಿನಂತೆ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆಯುಧ ಎಂಬ ಪದದೊಳಗೆ ಆ ಕಾಯ್ದೆ ಬಿಲ್ಲು-ಬಾಣ, ಬಲೆ, ಚಾಕುವನ್ನೂ ಸೇರಿಸಿದೆ. ಹುಬ್ಬಳ್ಳಿಯಿಂದ ತರುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುವುದಿದ್ದರೆ, ಗೇಟಿಗೆ ಬರುವ ಮುಂಚೆಯೇ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.