ಉಂಗುರದೊಳಗಿನ ಕುದುರೆಗಳು

ಚನ್ನಪಟ್ಟಣದ ಗೊಂಬೆಗಳನ್ನು ಕಾಣದ ಕನ್ನಡಿಗರು ವಿರಳ. ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಉಳಿ ಹಿಡಿದರೆ ಗುಂಡು, ಬುಗುರಿ, ಬಟ್ಟಲು ಮೂಡುತ್ತವೆ. ಲೇತ್‌ನ ಗುಣವೇ ಅಂಥದು. ಅದು ಕಡೆದದ್ದೆಲ್ಲ ದುಂಡಗೆ. ಹಾಗಿದ್ದರೆ ಕಾಲು, ಕತ್ತು, ಬೆನ್ನು ಇರುವ ಕುದುರೆಯನ್ನು ಲೇತ್‌ನಲ್ಲಿಯೇ ಕಡೆಯಬಹುದೆ?

ಕಡೆಯಬಹುದು ಎಂಬುದಕ್ಕೆ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಸೈಫೆನ್ ಎಂಬ ಬೆಟ್ಟದ ಊರು ಸಾಕ್ಷಿ. ಇದು ತವರದ ಗಣಿಗಳ ಊರು. ಗಣಿಯ ಆದಾಯ ಕುಗ್ಗತೊಡಗಿದಾಗ ಜನ ಕಾಡಿನ ಮರದತ್ತ ತಿರುಗಿದರು. 1849ರಲ್ಲಿ ಗಣಿಗಾರಿಕೆ ನಿಂತೇಹೋಯಿತು. ಅಷ್ಟರಲ್ಲಿ, 1800ರ ಆಸುಪಾಸಿನಲ್ಲಿ, ಇಲ್ಲಿ ಹೊಸದೊಂದು ವಿದ್ಯೆ ರೂಪುಗೊಂಡಿತ್ತು. ಅದೇ ಉಂಗುರ ಕಡೆಯುವ ಕಲೆ.

ಗಂಟಿಲ್ಲದ ಸ್ಪ್ರೂಸ್ ಮರದ ಹಸಿ ದಿಮ್ಮಿಯಿಂದ ದಪ್ಪ ಬಿಲ್ಲೆಯೊಂದನ್ನು ಕತ್ತರಿಸಿ ಲೇತ್‌ಗೆ ಏರಿಸುತ್ತಾರೆ. ಕುಶಲಕರ್ಮಿ ಅದರ ಒಂದು ಮುಖದಲ್ಲಿ ಹೊಟ್ಟೆ, ಕಾಲುಗಳ ರೇಖೆಯನ್ನು ಕಡೆಯುತ್ತಾನೆ. ಬಿಲ್ಲೆಯನ್ನು ಮಗುಚಿ ಇನ್ನೊಂದು ಮುಖದಲ್ಲಿ ಬೆನ್ನು, ತಲೆ ತೆಗೆಯುತ್ತಾನೆ. ಕೊನೆಗೆ ಕೈಗೆ ಸಿಗುವುದು ಏರುತಗ್ಗುಗಳ ಒಂದು ಉಂಗುರ. ನೋಡಿದವರಿಗೆ ಅದರಲ್ಲಿ ಯಾವ ಪ್ರಾಣಿಯೂ ಕಾಣದು. ಕೋಡುಬಳೆಯನ್ನು ಅಡ್ಡಕ್ಕೆ ಮುರಿದಂತೆ ಉಂಗುರವನ್ನು ಚಾಕು, ಸುತ್ತಿಗೆಯಿಂದ ಸೀಳಿದಾಗಲೇ ಗುಟ್ಟು ಬಯಲಾಗುವುದು. ಪ್ರತಿ ಹೋಳೂ ಒಂದು ಕುದುರೆ!

ಮರದ ಎಳೆಗಳು ಕಾಲಿನುದ್ದಕ್ಕೂ ಹಾದಿರುವುದರಿಂದ ಹೋಳು ಸೌದೆಯಂತೆ ಸಲೀಸಾಗಿ ಸೀಳುತ್ತದೆ. ತೆಳ್ಳನೆಯ ಕಾಲುಗಳಿಗೂ ಬಲವಿರುತ್ತದೆ. ಹೋಳಿನ ಹೊರಬದಿ ದಪ್ಪ, ಒಳಬದಿ ತೆಳು. ಅದನ್ನು ಚಾಕುವಿನಿಂದ ಕೆತ್ತಿ ತಿದ್ದಿ, ಕಿವಿ ಬಾಲಗಳನ್ನು ಅಂಟಿಸಿ, ಬಣ್ಣ ಬಳಿದರೆ ಆಟಿಕೆ ಸಿದ್ಧ. ಬೈಬಲ್ಲಿನ ನೋಹನ ನಾವೆಗೆ ಬೇಕಾದ ಪ್ರಾಣಿಗಳೆಲ್ಲ ಹೀಗೆ ತಯಾರಾಗಿ ದೂರದೇಶಗಳಿಗೆ ಹೋದವು.

ಒಂದೇ ಉಂಗುರದಿಂದ ಹತ್ತಾರು ಪ್ರಾಣಿಗಳು ಸಿಗುವುದರಿಂದ ಆಟಿಕೆ ಅಗ್ಗವಾಯಿತು. ದುಡಿಮೆಯೂ ಅಗ್ಗವಾಯಿತು. ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ಅಲ್ಪ ಕೂಲಿಗೆ ಕೆತ್ತಿ, ಬಣ್ಣ ಬಳಿಯುತ್ತಿದ್ದರು. ಅನ್ಯರ ಮಕ್ಕಳ ಆಟಿಕೆಗೆ ಸೈಫೆನ್ ಮಕ್ಕಳ ಆಟದ ಹೊತ್ತು ಸವೆಯಿತು.

1953ರಲ್ಲಿ ಊರಿನಲ್ಲಿ ಆಟಿಕೆಗಳ ವಸ್ತುಸಂಗ್ರಹಾಲಯ ತೆರೆಯಿತು. 1973ರಲ್ಲಿ ಆರಂಭವಾದ ಬಯಲು ವಸ್ತುಸಂಗ್ರಹಾಲಯದಲ್ಲಿ ನೀರಿನ ಬಲದಿಂದ ತಿರುಗುವ ಹಳೆಯ ಕಾರ್ಯಾಗಾರವನ್ನು ಉಳಿಸಿಕೊಳ್ಳಲಾಗಿದೆ. ಉಂಗುರ ಕಡೆಯಬಲ್ಲವರು ಮಾತ್ರ ಈಗ ಬೆರಳೆಣಿಕೆಯಷ್ಟು ಮಂದಿ.

ಹಳೆಯ ಯಂತ್ರವನ್ನು ರಿಪೇರಿ ಮಾಡಿ ಇಡಬಹುದು. ಆದರೆ ಇಲ್ಲಿ ಕುಶಲಕರ್ಮಿ ಕಡೆಯುವುದು ತನ್ನ ಕಣ್ಣಿಗೆ ಕಾಣದ ಪ್ರಾಣಿಯನ್ನು. ಉಳಿಯನ್ನು ಎಷ್ಟು ಒತ್ತಬೇಕು, ಎಲ್ಲಿ ತಡೆಯಬೇಕೆಂಬುದು ಕೈಗೇ ಗೊತ್ತಿರಬೇಕು. ಆ ಅರಿವು ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವಂಥದಲ್ಲ. ಕಲಿಸುವವನ ಪಕ್ಕದಲ್ಲಿ ಕಲಿಯುವವನೊಬ್ಬ ನಿಂತರಷ್ಟೇ ಅದಕ್ಕೆ ಮುಂದಿನ ದಾರಿ. ಸೈಫೆನ್‌ಗೆ ಸಲ್ಲುವ ಈ ಮಾತು ಚನ್ನಪಟ್ಟಣಕ್ಕೂ ಸಲ್ಲುತ್ತದೆ.