ತೋಟದ ಹಾದಿಯಲ್ಲಿ ಜೀಪು ಚಾಲನೆ: ಹಣ ತೆತ್ತು ತರಬೇತಿ ಪಡೆಯುವುದು ಲಾಭದಾಯಕವೇ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಹಾಗೂ ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗಗಳಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನಾಶಕ್ತಿ ನೀಡುವ ಜೀಪು ಅಥವಾ ಪಿಕಪ್ ವಾಹನವು ಪಂಪ್‌ಸೆಟ್ಟಿನಷ್ಟೇ ಅಗತ್ಯವಾದ ಕೃಷಿ ಸಾಧನವಾಗಿದೆ. ಗೊಬ್ಬರ ಸಾಗಿಸಲು, ಕೊಯ್ಲಿನ ಕಾಫಿ ಹಣ್ಣನ್ನು ಕಣಕ್ಕೆ ತರಲು, ಕಾರ್ಮಿಕರನ್ನು ಕರೆತರಲು ಇದೇ ವಾಹನ ಬಳಕೆಯಾಗುತ್ತದೆ. ಕಚ್ಚಾ ಹಾದಿ, ಕೆಸರು ಮತ್ತು ಇಳಿಜಾರುಗಳಲ್ಲಿ ವಾಹನ ನಡೆಸುವುದನ್ನು ಮಾರ್ಗದರ್ಶಕರ ಸಮ್ಮುಖದಲ್ಲಿ ಕಲಿಸುವ ಒಂದೆರಡು ದಿನಗಳ ಖಾಸಗಿ ತರಬೇತಿಗಳು ಇಂದು ಲಭ್ಯವಿವೆ. ಇವುಗಳ ಶುಲ್ಕ ಸಣ್ಣ ಬೆಳೆಗಾರರಿಗೆ ಹಗುರವಾದುದಲ್ಲ. ಆದುದರಿಂದ ಹಣ ಕಟ್ಟುವ ಮುನ್ನ ಅದರಿಂದ ದೊರೆಯುವ ಫಲವನ್ನು ಅಳೆದು ನೋಡುವುದು ಸೂಕ್ತ.

ಸಂಕ್ಷಿಪ್ತವಾಗಿ ಹೇಳುವುದಾದರೆ, ದಿನನಿತ್ಯ ವಾಹನ ನಡೆಸುವ ವ್ಯಕ್ತಿಯೇ ತನ್ನ ವಾಹನದೊಂದಿಗೆ, ತನ್ನ ತೋಟವನ್ನು ಹೋಲುವ ನೆಲದಲ್ಲಿ ಕಲಿಯುವುದಾದರೆ ತರಬೇತಿ ಪ್ರಯೋಜನಕಾರಿ. ಬಂಡೆ ಹತ್ತಿ ಕೆಸರು ಚಿಮ್ಮಿಸುವ ವಿನೋದಕ್ಕೆಂದು ರೂಪಿಸಿದ ತರಬೇತಿಯಿಂದ ಕೃಷಿಕರಿಗೆ ಹೆಚ್ಚಿನ ಉಪಯೋಗವಿಲ್ಲ.

ಅನುಭವವಿದ್ದರೂ ತರಬೇತಿ ಏಕೆ?

ಚಾಲನಾ ಪರವಾನಗಿಯ ಪರೀಕ್ಷೆ ಸಮತಟ್ಟಾದ, ಗಟ್ಟಿಯಾದ ನೆಲದಲ್ಲಿ ನಡೆಯುತ್ತದೆ. ಜಾರುವ ಕೆಂಪುಮಣ್ಣಿನ ಇಳಿಜಾರಿನಲ್ಲಿ ಏನು ಮಾಡಬೇಕೆಂಬುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ. ಬಹುತೇಕ ಚಾಲಕರು ಹಿರಿಯ ಚಾಲಕರನ್ನು ನೋಡಿ ಕಲಿತವರು. ಒಳ್ಳೆಯ ರೂಢಿಯೊಂದಿಗೆ ತಪ್ಪು ರೂಢಿಯೂ ಹೀಗೆಯೇ ಕೈಯಿಂದ ಕೈಗೆ ದಾಟುತ್ತದೆ.

ಅಂತಹ ತಪ್ಪು ರೂಢಿಗಳಲ್ಲಿ ಮುಖ್ಯವಾದುದು ಇಳಿಜಾರಿನಲ್ಲಿ ಕ್ಲಚ್ ಒತ್ತಿ ಅಥವಾ ನ್ಯೂಟ್ರಲ್‌ಗೆ ಹಾಕಿ ಕೇವಲ ಬ್ರೇಕಿನ ಬಲದಿಂದ ಇಳಿಯುವುದು. ಸತತವಾಗಿ ಒತ್ತಿದ ಬ್ರೇಕು ಕಾದು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಒದ್ದೆ ಮಣ್ಣಿನಲ್ಲಿ ಚಕ್ರ ತಿರುಗದೆ ಬಿಗಿಯಾಗಿ ನಿಂತರೆ ವಾಹನ ಜಾರುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ದಿಕ್ಕು ಬದಲಾಗುವುದಿಲ್ಲ. ಲೋ ಗೇರ್ ವ್ಯವಸ್ಥೆಯಿರುವ ಹಲವು ವಾಹನಗಳಲ್ಲಿ ಅದನ್ನು ಬಳಸಿದಾಗ ಚಕ್ರದ ವೇಗ ಸುಮಾರು ಎರಡರಿಂದ ಎರಡೂವರೆ ಪಟ್ಟು ತಗ್ಗುತ್ತದೆ. ಆಗ ಎಂಜಿನ್ನೇ ವಾಹನವನ್ನು ಹಿಡಿದಿಡುವುದರಿಂದ ಬ್ರೇಕನ್ನು ಅಲ್ಪವಾಗಿ ಬಳಸಿದರೆ ಸಾಕಾಗುತ್ತದೆ.

ನಾಲ್ಕೂ ಚಕ್ರಗಳ ಚಾಲನೆಯು ವಾಹನ ಮುಂದೆ ಸಾಗಲು ನೆರವಾಗುತ್ತದೆಯೇ ಹೊರತು ನಿಲ್ಲಲು ನೆರವಾಗುವುದಿಲ್ಲ. ಏರು ಹತ್ತಿದ ವಾಹನ ಅದೇ ಸುಲಭದಲ್ಲಿ ಇಳಿದೀತೆಂಬ ನಂಬಿಕೆ ಅಪಾಯಕಾರಿ.

ಉತ್ತಮ ತರಬೇತಿಯಲ್ಲಿ ಇರಲೇಬೇಕಾದ ವಿಷಯಗಳು

1. ಏರು ಮತ್ತು ಇಳಿಜಾರು: ಇಳಿಜಾರನ್ನು ನೇರವಾಗಿ ಹತ್ತಿ ನೇರವಾಗಿ ಇಳಿಯಬೇಕು. ಅಡ್ಡಲಾಗಿ ತಿರುಗಿಸಿದರೆ ವಾಹನ ಮಗುಚುವ ಸಂಭವ ಹೆಚ್ಚು. ಅರ್ಧದಲ್ಲಿ ಎಂಜಿನ್ ನಿಂತರೆ ಗಾಬರಿಯಿಂದ ತಿರುಗಿಸದೆ, ಬ್ರೇಕ್ ಹಿಡಿದು, ರಿವರ್ಸ್ ಗೇರಿನಲ್ಲಿ ಬಂದ ದಾರಿಯಲ್ಲೇ ನೇರವಾಗಿ ಹಿಂದಿಳಿಯುವುದನ್ನು ಪದೇ ಪದೇ ಅಭ್ಯಾಸ ಮಾಡಿಸಬೇಕು.

2. ಭಾರ ಹೊತ್ತ ವಾಹನ: ಖಾಲಿ ಜೀಪಿಗೂ ಚೀಲ ತುಂಬಿದ ಪಿಕಪ್ಪಿಗೂ ವ್ಯತ್ಯಾಸವಿದೆ. ಭಾರವನ್ನು ಎತ್ತರಕ್ಕೆ ಪೇರಿಸಿದಷ್ಟೂ ಮಗುಚುವ ಸಂಭವ ಹೆಚ್ಚುತ್ತದೆ. ಕಠಿಣ ತಿರುವು ಅಥವಾ ಕುಸಿದ ಧರೆಯ ಅಂಚು ಎದುರಾದಾಗ ಎಲ್ಲರನ್ನೂ ಕೆಳಗಿಳಿಸಿ, ಚಾಲಕನೊಬ್ಬನೇ ವಾಹನ ದಾಟಿಸುವುದು ನಿಯಮವಾಗಬೇಕು.

3. ಹಳ್ಳ ದಾಟುವುದು: ಮೊದಲು ಕೋಲಿನಿಂದ ಆಳವನ್ನೂ ತಳದ ಗಟ್ಟಿತನವನ್ನೂ ಪರೀಕ್ಷಿಸಬೇಕು. ಕೆಂಪು ನೀರು ರಭಸವಾಗಿ ಹರಿಯುತ್ತಿದ್ದರೆ ಕಾಯುವುದೇ ಸರಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಸಿಲಿಂಡರಿಗೆ ನುಗ್ಗಿದ ನೀರು ಕನೆಕ್ಟಿಂಗ್ ರಾಡನ್ನೇ ಬಾಗಿಸಬಲ್ಲದು. ದಾಟಿದ ಬಳಿಕ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು.

4. ಹೂತ ವಾಹನವನ್ನು ಎಳೆಯುವುದು: ಪ್ರಾಣಹಾನಿಯ ಭಯ ಹೆಚ್ಚಾಗಿರುವುದು ಇಲ್ಲಿಯೇ. ಬಿಗಿದ ತಂತಿಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರೂ ನಿಲ್ಲಬೇಕು, ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ದಪ್ಪ ಕಂಬಳಿ ಹೊದಿಸಬೇಕು. ಬಂಪರಿಗಾಗಲಿ, ಟ್ರೇಲರ್ ಸಿಕ್ಕಿಸುವ ಗುಂಡಿಗಾಗಲಿ ಹಗ್ಗ ಕಟ್ಟದೆ, ತಯಾರಕರು ಚಾಸಿಗೆ ಜೋಡಿಸಿರುವ ಕೊಕ್ಕೆಗೇ ಕಟ್ಟಬೇಕು. ಸರಪಳಿ ಅಥವಾ ತಂತಿಹಗ್ಗದಿಂದ ಜಗ್ಗಿ ಎಳೆಯಕೂಡದು. ಟ್ರ್ಯಾಕ್ಟರಿನಿಂದ ಎಳೆಯುವಾಗ ಅದರ ಡ್ರಾಬಾರಿಗೇ ಹಗ್ಗ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರು ಹಿಮ್ಮಗುಚುತ್ತದೆ. ಆಗ ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ.

5. ಟೈರು ಮತ್ತು ಗೇರು: ಕೆಸರಿನಲ್ಲಿ ಟೈರಿನ ಗಾಳಿಯನ್ನು ಎಷ್ಟು ತಗ್ಗಿಸಬಹುದು, ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸುವುದು ಏಕೆ ಅಗತ್ಯ ಎಂಬುದು ತಿಳಿದಿರಬೇಕು. ಬೇಕಾದಾಗ ಮಾತ್ರ ಲಿವರಿನಿಂದ ನಾಲ್ಕು ಚಕ್ರಗಳನ್ನು ಜೋಡಿಸುವ ಜೀಪುಗಳಲ್ಲಿ, ಒಣ ಡಾಂಬರಿನ ಮೇಲೆ ಆ ಜೋಡಣೆಯನ್ನು ಬಿಡಿಸದಿದ್ದರೆ ಗೇರುಭಾಗಗಳು ಬಿಗಿದು ಸವೆಯುತ್ತವೆ.

ಖರ್ಚು–ಉಳಿತಾಯದ ಲೆಕ್ಕ

ಲೆಕ್ಕದ ಕ್ರಮ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಶುಲ್ಕ 8,000 ರೂಪಾಯಿ, ಚಾಲಕನ ಎರಡು ದಿನಗಳ ಸಂಬಳ ಮತ್ತು ಪ್ರಯಾಣ 2,000 ರೂಪಾಯಿ, ಒಟ್ಟು 10,000 ರೂಪಾಯಿ ಎಂದಿರಲಿ. ವರ್ಷದಲ್ಲಿ ನಾಲ್ಕು ಬಾರಿ ವಾಹನ ಹೂತು, ಪ್ರತಿ ಬಾರಿ ಟ್ರ್ಯಾಕ್ಟರ್ ಬಾಡಿಗೆ ಮತ್ತು ನಿಂತ ಕೆಲಸದಿಂದ 1,500 ರೂಪಾಯಿಯಂತೆ 6,000 ರೂಪಾಯಿ ನಷ್ಟವಾಗುತ್ತದೆ. 14,000 ರೂಪಾಯಿ ವೆಚ್ಚದ ಕ್ಲಚ್ ಕೆಲಸ ಎರಡು ವರ್ಷಕ್ಕೊಮ್ಮೆ ಬರುವುದಾದರೆ ವರ್ಷಕ್ಕೆ 7,000 ರೂಪಾಯಿ. ಒಟ್ಟು ವಾರ್ಷಿಕ ಹೊರೆ 13,000 ರೂಪಾಯಿ. ತರಬೇತಿಯಿಂದ ಇದು ಅರ್ಧಕ್ಕಿಳಿದರೆ ಎರಡು ವರ್ಷದೊಳಗೆ ಹೂಡಿದ ಹಣ ಮರಳುತ್ತದೆ.

ತಮ್ಮ ತೋಟದ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿ ನೋಡಿರಿ. ವರ್ಷಕ್ಕೊಮ್ಮೆ ಮಾತ್ರ ವಾಹನ ಹೂಳುವ ತೋಟಗಳಲ್ಲಿ ದುರಸ್ತಿಯ ಉಳಿತಾಯವೊಂದರಿಂದಲೇ ಶುಲ್ಕ ಹುಟ್ಟದು. ಅಂತಹ ಕಡೆ ಅದೇ ಹಣದಲ್ಲಿ ಕೆಟ್ಟ ತಿರುವಿಗೆ ಜಲ್ಲಿ ಹಾಕಿಸಿ, ಹಾದಿಯ ಬದಿಯ ಚರಂಡಿ ಸರಿಪಡಿಸುವುದು ಜಾಣತನ. ಆದರೆ ಕಡಿದಾದ ಹಾದಿಯಲ್ಲಿ ಪ್ರತಿದಿನ ಜನರನ್ನು ಕರೆದೊಯ್ಯುವ ತೋಟಗಳಲ್ಲಿ ನಿರ್ಧಾರವನ್ನು ದುರಸ್ತಿ ವೆಚ್ಚಕ್ಕೆ ಬಿಡಲಾಗದು. ಒಂದು ವಾಹನ ಮಗುಚಿದರೆ ಆಗುವ ಹಾನಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

• ನಮ್ಮ ವಾಹನವನ್ನೇ ತಂದು, ಭಾರ ಹೇರಿ ಅಭ್ಯಾಸ ಮಾಡಬಹುದೇ?
• ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? ಪ್ರತಿಯೊಬ್ಬರಿಗೂ ಸ್ಟಿಯರಿಂಗ್ ಹಿಡಿಯುವ ಅವಧಿ ಎಷ್ಟು?
• ಒದ್ದೆ ನೆಲದಲ್ಲಿ ಅಭ್ಯಾಸವಿದೆಯೇ?
• ಕನ್ನಡದಲ್ಲಿ, ಚಾಲಕನಿಗೆ ಅರ್ಥವಾಗುವಂತೆ ಕಲಿಸುತ್ತಾರೆಯೇ?
• ಅಭ್ಯಾಸದ ವೇಳೆ ವಾಹನಕ್ಕೆ ಅಥವಾ ವ್ಯಕ್ತಿಗೆ ಹಾನಿಯಾದರೆ ಹೊಣೆ ಯಾರದು? ವಿಮೆ ಅನ್ವಯಿಸುತ್ತದೆಯೇ?

ಮಾಲೀಕರು ತಾವು ಮಾತ್ರ ತರಬೇತಿ ಪಡೆದು, ಚಾಲಕನನ್ನು ತೋಟದಲ್ಲೇ ಬಿಡುವುದು ಹಣ ವ್ಯರ್ಥವಾಗುವ ದಾರಿ. ಚಾಲಕನನ್ನೇ ಕಳುಹಿಸುವುದು ಅಗತ್ಯ.

ಪರ್ಯಾಯ ಮಾರ್ಗಗಳು

ನಾಲ್ಕೈದು ಬೆಳೆಗಾರರು ಸೇರಿ ತರಬೇತುದಾರರನ್ನು ತಮ್ಮ ತೋಟಕ್ಕೇ ಕರೆಸಿದರೆ ವೆಚ್ಚ ಹಂಚಿಹೋಗುತ್ತದೆ, ನಿತ್ಯ ಓಡಾಡುವ ಹಾದಿಯಲ್ಲೇ ಕಲಿಕೆ ಸಾಧ್ಯವಾಗುತ್ತದೆ. ಟ್ರ್ಯಾಕ್ಟರ್ ಮತ್ತು ಇತರ ಕೃಷಿ ಯಂತ್ರಗಳ ಚಾಲನೆ ಹಾಗೂ ನಿರ್ವಹಣೆಯ ಕುರಿತು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ, ಕೇಂದ್ರ ಕೃಷಿ ಸಚಿವಾಲಯದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ತರಬೇತಿ ನೀಡುತ್ತದೆ. ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನ, ಮೇ ತಿಂಗಳೊಳಗೆ, ಗ್ರಾಮಮಟ್ಟದಲ್ಲಿ ಚಾಲಕರ ಸಭೆ ನಡೆಸಿ, ಹೂತ ವಾಹನವನ್ನು ಸುರಕ್ಷಿತವಾಗಿ ಎಳೆಯುವ ಪ್ರಾತ್ಯಕ್ಷಿಕೆಯನ್ನಾದರೂ ಏರ್ಪಡಿಸುವುದು ಒಳಿತು.

ಯಾವ ಏರನ್ನು ಹತ್ತಬಾರದು, ಯಾವ ಹಳ್ಳವನ್ನು ದಾಟದೆ ಹಿಂದಿರುಗಬೇಕು ಎಂಬ ವಿವೇಕ ಚಾಲಕನಲ್ಲಿ ಮೂಡಿದರೆ ತರಬೇತಿಗೆ ಕೊಟ್ಟ ಹಣ ಸಾರ್ಥಕ. ಹಾಗೆ ಹಿಂದಿರುಗಿ ಬಂದ ಚಾಲಕನನ್ನು ಗದರಿಸದಿರುವುದು ಮಾಲೀಕರ ಕರ್ತವ್ಯ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.